ಭ್ರೂಣ ನಾಟುವ ದಿನದ ಅಂದಾಜು ಮತ್ತು ಗರ್ಭಪರೀಕ್ಷೆಗೆ ಸರಿಯಾದ ದಿನ: ಒಂದು ಸಮಗ್ರ ಮಾರ್ಗದರ್ಶಿ

ಮುಟ್ಟು ಒಂದು ದಿನ ತಡವಾದರೂ ಸಾಕು, ಮೆಡಿಕಲ್ ಸ್ಟೋರಿನಿಂದ ಕಿಟ್ ತಂದು ನೋಡಿಬಿಡುವುದು ಈಗ ಹಳ್ಳಿ ಪಟ್ಟಣವೆನ್ನದೆ ಎಲ್ಲ ಕಡೆ ರೂಢಿಯಾಗಿದೆ. ಎರಡು ಗೆರೆ ಮೂಡಿದರೆ ವಿಷಯ ಬಹುಮಟ್ಟಿಗೆ ಅಲ್ಲಿಗೇ ಇತ್ಯರ್ಥವಾಗುತ್ತದೆ. ಕಷ್ಟವಿರುವುದು ಒಂದೇ ಗೆರೆ ಬಂದಾಗ. ಆ ಗೆರೆಗೆ ಗರ್ಭ ನಿಂತಿಲ್ಲವೆಂದು ಅರ್ಥವೋ, ಪರೀಕ್ಷೆಗೆ ಇನ್ನೂ ಕಾಲ ಬಂದಿಲ್ಲವೆಂದು ಅರ್ಥವೋ ಎಂಬುದನ್ನು ಕಿಟ್ ಹೇಳಲಾರದು. ಅದನ್ನು ತಿಳಿಯಬೇಕಾದರೆ ಅಂಡಾಣು ಯಾವಾಗ ಬಿಡುಗಡೆಯಾಗಿರಬಹುದು, ಅದು ಫಲಿತಗೊಂಡಿದ್ದರೆ ಭ್ರೂಣ ಗರ್ಭಕೋಶದಲ್ಲಿ ಯಾವ ದಿನಗಳ ನಡುವೆ ನಾಟಿಕೊಂಡಿರಬಹುದು ಎಂಬ ಲೆಕ್ಕ ಕೈಯಲ್ಲಿರಬೇಕು. ಈ ಲೆಕ್ಕವನ್ನು ಮಾಡುವ ಬಗೆಯನ್ನೂ ಅದರ ಮಿತಿಗಳನ್ನೂ ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಕಿಟ್ ಹುಡುಕುವುದು ಏನನ್ನು?

ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಭ್ರೂಣದ ಹೊರಕವಚದ ಜೀವಕೋಶಗಳು, ಅಂದರೆ ಮುಂದೆ ಮಾಸುಚೀಲವಾಗಿ ಬೆಳೆಯುವ ಭಾಗ, ಇದನ್ನು ತಯಾರಿಸುತ್ತವೆ. ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡು, ತಾಯಿಯ ರಕ್ತದೊಂದಿಗೆ ಸಂಪರ್ಕ ಪಡೆದ ಮೇಲಷ್ಟೇ ಇದು ರಕ್ತಕ್ಕೂ, ಅಲ್ಲಿಂದ ಮೂತ್ರಕ್ಕೂ ಇಳಿಯುತ್ತದೆ. ಅಂಡಾಣುವೂ ವೀರ್ಯಾಣುವೂ ಅಂಡನಾಳದಲ್ಲಿ ಕೂಡಿದ ದಿನದಿಂದ ಭ್ರೂಣ ನಾಟುವ ದಿನದವರೆಗೆ ಸುಮಾರು ಒಂದು ವಾರ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಎಷ್ಟೇ ದುಬಾರಿ ಕಿಟ್ ತಂದರೂ, ಲ್ಯಾಬಿನಲ್ಲಿ ರಕ್ತ ಕೊಟ್ಟರೂ ಏನೂ ತಿಳಿಯದು. ಲೈಂಗಿಕ ಸಂಪರ್ಕವಾದ ಮೂರನೆಯ ದಿನಕ್ಕೇ ಪರೀಕ್ಷೆ ಮಾಡಿ, ಒಂದೇ ಗೆರೆ ಕಂಡು ನಿರಾಶರಾಗುವವರೋ ನಿರಾಳರಾಗುವವರೋ ಗಮನಿಸಬೇಕಾದ ಮೊದಲ ಸಂಗತಿ ಇದು.

ಹೆಜ್ಜೆ 1: ಕಳೆದ ಮುಟ್ಟಿನ ಮೊದಲ ದಿನವನ್ನು ಖಚಿತಪಡಿಸಿಕೊಳ್ಳಿ

ವೈದ್ಯರು ಎಲ್‌ಎಂಪಿ ಎಂದು ಕೇಳುವುದು ಇದನ್ನೇ. ಮುಟ್ಟು ಮುಗಿದ ದಿನವನ್ನಲ್ಲ, ಮಾಸಲು ಬಣ್ಣ ಸ್ವಲ್ಪ ಕಾಣಿಸಿಕೊಂಡ ದಿನವನ್ನೂ ಅಲ್ಲ, ಪ್ಯಾಡ್ ಬೇಕಾಗುವಷ್ಟು ಸ್ರಾವ ಆರಂಭವಾದ ದಿನವನ್ನು ಒಂದನೇ ದಿನವೆಂದು ಎಣಿಸಬೇಕು. ನಮ್ಮಲ್ಲಿ ಅನೇಕರು ಈ ದಿನವನ್ನು ತಾರೀಖಿನಲ್ಲಿ ನೆನಪಿಟ್ಟುಕೊಳ್ಳುವುದಿಲ್ಲ. ‘ಅಮಾವಾಸ್ಯೆ ಕಳೆದು ಎರಡು ದಿನಕ್ಕೆ’, ‘ಗೌರಿ ಹಬ್ಬದ ಹಿಂದಿನ ದಿನ’, ‘ನಾದಿನಿಯ ಸೀಮಂತದ ದಿನ ಹೊರಗಾಗಿದ್ದೆ’ ಎಂದು ಹೇಳುವುದೇ ಹೆಚ್ಚು. ಇದರಲ್ಲಿ ತಪ್ಪೇನಿಲ್ಲ, ಹಾಗೆ ನೋಡಿದರೆ ಇಂಥ ನೆನಪು ಊಹೆಯ ತಾರೀಖಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಥಿಯನ್ನೋ ಹಬ್ಬವನ್ನೋ ಹುಡುಕಿ, ಅದಕ್ಕೆ ಸರಿಹೊಂದುವ ತಾರೀಖನ್ನು ಬರೆದಿಟ್ಟುಕೊಂಡರೆ ಸಾಕು.

ಹಾಗೆಯೇ ಹಿಂದಿನ ಮೂರು ನಾಲ್ಕು ತಿಂಗಳ ತಾರೀಖುಗಳನ್ನೂ ನೆನಪಿಸಿಕೊಂಡು, ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಷ್ಟು ದಿನಗಳಾದವು ಎಂದು ಲೆಕ್ಕ ಹಾಕಿ. ‘ಪ್ರತಿ ತಿಂಗಳೂ ಐದನೇ ತಾರೀಖಿಗೆ ಆಗುತ್ತದೆ’ ಎಂಬ ಮಾತು ಲೆಕ್ಕಕ್ಕೆ ಉಪಯೋಗವಿಲ್ಲ. ಜನವರಿ 5ರಿಂದ ಫೆಬ್ರವರಿ 5ಕ್ಕೆ 31 ದಿನಗಳಾದರೆ, ಫೆಬ್ರವರಿ 5ರಿಂದ ಮಾರ್ಚ್ 5ಕ್ಕೆ 28 ದಿನಗಳಷ್ಟೇ. ಋತುಚಕ್ರ 24ರಿಂದ 38 ದಿನಗಳ ನಡುವೆ ಎಷ್ಟಿದ್ದರೂ ಅದು ಸಹಜವೇ. ಎಲ್ಲರಿಗೂ 28 ದಿನ ಎಂಬುದು ಪಠ್ಯಪುಸ್ತಕದ ಅನುಕೂಲಕ್ಕಾಗಿ ಹುಟ್ಟಿದ ಸರಾಸರಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮದುವೆ, ಗೃಹಪ್ರವೇಶ, ತೀರ್ಥಯಾತ್ರೆ ಇತ್ಯಾದಿಗಳಿಗಾಗಿ ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೆ ಆ ತಿಂಗಳ ಲೆಕ್ಕ ಹಳಿ ತಪ್ಪುತ್ತದೆ. ಆ ಮಾತ್ರೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಬರುವ ಸ್ರಾವವು ದೇಹದ ಸ್ವಂತ ಚಕ್ರದಿಂದ ಬಂದದ್ದಲ್ಲ. ತುರ್ತು ಗರ್ಭನಿರೋಧಕ ಮಾತ್ರೆಯೂ ಹೀಗೆಯೇ ಮುಂದಿನ ಮುಟ್ಟನ್ನು ಹಿಂದೆಮುಂದೆ ಮಾಡಬಹುದು. ಇಂಥ ತಿಂಗಳಲ್ಲಿ ಮುಟ್ಟಿನ ತಾರೀಖನ್ನು ಪಕ್ಕಕ್ಕಿಟ್ಟು, ಸಂಪರ್ಕದ ದಿನದಿಂದ ಎಣಿಸುವುದೇ ಒಳ್ಳೆಯದು. ಅದರ ಕ್ರಮ ಮುಂದೆ ಬರುತ್ತದೆ.

ಹೆಜ್ಜೆ 2: ಅಂಡಾಣು ಬಿಡುಗಡೆಯಾದ ದಿನವನ್ನು ಅಂದಾಜಿಸಿ

ಇಡೀ ಲೆಕ್ಕದ ಕೀಲಿ ಇರುವುದು ಇಲ್ಲಿಯೇ, ಹೆಚ್ಚಿನವರು ಎಡವುವುದೂ ಇಲ್ಲಿಯೇ. ‘ಹದಿನಾಲ್ಕನೆಯ ದಿನ ಅಂಡಾಣು ಬಿಡುಗಡೆಯಾಗುತ್ತದೆ’ ಎಂಬುದು 28 ದಿನಗಳ ಚಕ್ರದವರಿಗೆ ಮಾತ್ರ ಸರಿಸುಮಾರಾಗಿ ಹೊಂದುವ ಮಾತು. ಮುಟ್ಟಿನಿಂದ ಅಂಡೋತ್ಪತ್ತಿಯವರೆಗಿನ, ಅಂದರೆ ಅಂಡಾಣು ಬಿಡುಗಡೆಯಾಗುವವರೆಗಿನ, ಮೊದಲ ಭಾಗ ಒಬ್ಬರಿಂದ ಒಬ್ಬರಿಗೆ ಮಾತ್ರವಲ್ಲ, ಒಬ್ಬರಲ್ಲೇ ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೂ ಬದಲಾಗುತ್ತದೆ. ಜ್ವರ, ರಾತ್ರಿ ಪಾಳಿ, ದೂರದ ಪ್ರಯಾಣ, ಮನಸ್ಸಿನ ಒತ್ತಡ ಇವುಗಳಿಂದ ಅದು ಹಿಗ್ಗುವುದುಂಟು. ಅಂಡೋತ್ಪತ್ತಿಯಿಂದ ಮುಂದಿನ ಮುಟ್ಟಿನವರೆಗಿನ ಎರಡನೆಯ ಭಾಗ ಇದಕ್ಕೆ ಹೋಲಿಸಿದರೆ ಸ್ಥಿರವಾದುದು. ಸಾಮಾನ್ಯವಾಗಿ 14 ದಿನಗಳ ಆಸುಪಾಸು, ಕೆಲವರಲ್ಲಿ 11, ಕೆಲವರಲ್ಲಿ 17. ಆದ್ದರಿಂದ ಮುಂದಿನ ಮುಟ್ಟು ಬರಬೇಕಾದ ದಿನವನ್ನು ಗುರುತಿಸಿಕೊಂಡು, ಅಲ್ಲಿಂದ 14 ದಿನ ಹಿಂದಕ್ಕೆ ಎಣಿಸಬೇಕು.

ಕ್ಯಾಲೆಂಡರಿನ ಲೆಕ್ಕಕ್ಕಿಂತ ದೇಹದ ಗುರುತುಗಳು ಹೆಚ್ಚು ನಂಬಿಕಸ್ಥ. ಅಂಡೋತ್ಪತ್ತಿಗೆ ಮೊದಲಿನ ದಿನಗಳಲ್ಲಿ ಯೋನಿಸ್ರಾವವು ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎರಡು ಬೆರಳುಗಳ ನಡುವೆ ಎಳೆದರೆ ಎಳೆಯಾಗಿ ಬರುತ್ತದೆ. ಅಂಥ ಸ್ರಾವ ಕಂಡ ಕೊನೆಯ ದಿನ ಅಥವಾ ಅದರ ಮರುದಿನದ ಸುತ್ತ ಅಂಡಾಣು ಬಿಡುಗಡೆಯಾಗಿರುವ ಸಂಭವ ಹೆಚ್ಚು. ಅಂಗಡಿಯಲ್ಲಿ ಸಿಗುವ ಅಂಡೋತ್ಪತ್ತಿ ಕಿಟ್ ಎಲ್‌ಎಚ್ ಎಂಬ ಹಾರ್ಮೋನಿನ ಏರಿಕೆಯನ್ನು ತೋರಿಸುತ್ತದೆ. ಅದರಲ್ಲಿ ಪರೀಕ್ಷೆಯ ಗೆರೆ ನಿಯಂತ್ರಣದ ಗೆರೆಯಷ್ಟೇ ಗಾಢವಾಗಿ ಮೊದಲ ಬಾರಿ ಕಂಡ ಮೇಲೆ ಸುಮಾರು 24ರಿಂದ 36 ಗಂಟೆಗಳಲ್ಲಿ ಅಂಡಾಣು ಹೊರಬರುತ್ತದೆ, ಆದ್ದರಿಂದ ಮರುದಿನವನ್ನು ಅಂಡೋತ್ಪತ್ತಿಯ ದಿನವೆಂದು ಬರೆದುಕೊಳ್ಳಬಹುದು. ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರುವವರಲ್ಲಿ ಈ ಹಾರ್ಮೋನ್ ಮೊದಲೇ ಎತ್ತರದಲ್ಲಿದ್ದು ಕಿಟ್ ದಾರಿ ತಪ್ಪಿಸುವುದುಂಟು. ಬೆಳಿಗ್ಗೆ ಏಳುವ ಮೊದಲೇ ಮೈಯ ಉಷ್ಣತೆ ಅಳೆಯುವ ಕ್ರಮವೂ ಇದೆ. ಅಂಡೋತ್ಪತ್ತಿಯ ನಂತರ ಉಷ್ಣತೆ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಏರಿ ಅಲ್ಲಿಯೇ ನಿಲ್ಲುತ್ತದೆ. ಇದು ಆಗಿಹೋದದ್ದನ್ನು ದೃಢಪಡಿಸುತ್ತದೆಯೇ ಹೊರತು ಆಗಲಿರುವುದನ್ನು ಹೇಳುವುದಿಲ್ಲ. ಬಂಜೆತನದ ಚಿಕಿತ್ಸೆಯಲ್ಲಿ ಫಾಲಿಕ್ಯುಲರ್ ಸ್ಕ್ಯಾನ್ ಮಾಡಿಸಿಕೊಂಡವರಿಗೆ ಈ ಯಾವ ಊಹೆಯೂ ಬೇಕಿಲ್ಲ, ಅಂಡಾಣುವಿರುವ ಗುಳ್ಳೆ (ಫಾಲಿಕಲ್) ಒಡೆದ ದಿನ ವರದಿಯಲ್ಲಿಯೇ ಇರುತ್ತದೆ.

ಸಂಪರ್ಕದ ದಿನವೇ ಗರ್ಭ ನಿಲ್ಲುತ್ತದೆಂಬ ತಿಳಿವಳಿಕೆಯೂ ಸರಿಯಲ್ಲ. ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಜೀವಂತವಾಗಿರಬಲ್ಲವು. ಅಂಡಾಣುವಿನ ಆಯುಸ್ಸು ಮಾತ್ರ 12ರಿಂದ 24 ಗಂಟೆ. ಹಾಗಾಗಿ ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ, ಒಟ್ಟು ಆರು ದಿನಗಳ ಕಿಂಡಿಯಲ್ಲಿ ನಡೆದ ಸಂಪರ್ಕದಿಂದ ಗರ್ಭ ನಿಲ್ಲಬಹುದು. ಸೋಮವಾರದ ಸಂಪರ್ಕದಿಂದ ಶುಕ್ರವಾರ ಫಲೀಕರಣವಾಗುವುದು ಸಾಧ್ಯ.

ಹೆಜ್ಜೆ 3: ಭ್ರೂಣ ನಾಟುವ ದಿನಗಳನ್ನು ಗುರುತಿಸಿ

ಈ ವಿಷಯದಲ್ಲಿ ಇಂದಿಗೂ ಆಧಾರವಾಗಿರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಅಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ. ಗರ್ಭ ಧರಿಸಬೇಕೆಂದು ಬಯಸಿದ್ದ 221 ಮಹಿಳೆಯರು ಪ್ರತಿದಿನ ಬೆಳಗಿನ ಮೂತ್ರದ ಮಾದರಿಯನ್ನು ತಿಂಗಳುಗಟ್ಟಲೆ ಕೊಟ್ಟರು. ಅದರಿಂದ ಅಂಡೋತ್ಪತ್ತಿಯ ದಿನವನ್ನೂ ಎಚ್‌ಸಿಜಿ ಮೊದಲು ಕಾಣಿಸಿಕೊಂಡ ದಿನವನ್ನೂ ಲೆಕ್ಕ ಹಾಕಲಾಯಿತು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ವಾರಗಳಾಚೆಗೂ ಉಳಿದ ಗರ್ಭಗಳಲ್ಲಿ ಭ್ರೂಣವು ಅಂಡೋತ್ಪತ್ತಿಯ ನಂತರದ 6ರಿಂದ 12ನೆಯ ದಿನದೊಳಗೆ ನಾಟಿತ್ತು. ಅವುಗಳಲ್ಲಿ ಶೇ. 84ರಷ್ಟು 8, 9 ಅಥವಾ 10ನೆಯ ದಿನ ನಾಟಿದ್ದವು. ಅಂದರೆ ಅಂಡೋತ್ಪತ್ತಿಯ ತಾರೀಖಿಗೆ 8ರಿಂದ 10 ದಿನ ಸೇರಿಸಿದರೆ ಹೆಚ್ಚು ಸಂಭವವಿರುವ ದಿನಗಳು, 6ರಿಂದ 12 ಸೇರಿಸಿದರೆ ಎರಡೂ ಕಡೆಯ ಗಡಿ ಸಿಗುತ್ತವೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. 9ನೆಯ ದಿನದೊಳಗೆ ನಾಟಿದ ಗರ್ಭಗಳಲ್ಲಿ ಶೇ. 13ರಷ್ಟು ಬಹು ಬೇಗನೆ ಕಳೆದುಹೋದರೆ, 10ನೆಯ ದಿನ ನಾಟಿದವುಗಳಲ್ಲಿ ಶೇ. 26, 11ನೆಯ ದಿನ ನಾಟಿದವುಗಳಲ್ಲಿ ಶೇ. 52, ಅದಕ್ಕೂ ತಡವಾದವುಗಳಲ್ಲಿ ಶೇ. 82 ಕಳೆದುಹೋದವು. ಈ ಅಂಕಿಗಳನ್ನು ಓದಿ ‘ನನ್ನದು ತಡವಾಗಿ ನಾಟಿದೆಯೇನೋ’ ಎಂದು ಗಾಬರಿಯಾಗುವ ಅಗತ್ಯವಿಲ್ಲ. ಮನೆಯಲ್ಲಿ ಕುಳಿತು ಮಾಡುವ ಅಂದಾಜಿನಲ್ಲಿ ಮೂರು ನಾಲ್ಕು ದಿನಗಳ ಏರುಪೇರು ಇದ್ದೇ ಇರುತ್ತದೆ, ಆದ್ದರಿಂದ 9 ಮತ್ತು 11ರ ನಡುವಿನ ವ್ಯತ್ಯಾಸವನ್ನು ಯಾರೂ ಮನೆಯಲ್ಲಿ ಅಳೆಯಲಾರರು.

ನಾಟುವಾಗ ರಕ್ತಸ್ರಾವವಾಗುತ್ತದೆಯೇ? ಯೂಟ್ಯೂಬಿನ ಆರೋಗ್ಯ ವಿಡಿಯೋಗಳಲ್ಲಿ ಇದಕ್ಕೆ ಸಿಗುವಷ್ಟು ಮಹತ್ವ ಪುರಾವೆಯಲ್ಲಿ ಸಿಗುವುದಿಲ್ಲ. ಅದೇ ನಾರ್ತ್ ಕೆರೊಲೈನಾ ಮಹಿಳೆಯರ ದಿನಚರಿಗಳನ್ನು ಪರಿಶೀಲಿಸಿದಾಗ, ಮುಂದುವರಿದ 151 ಗರ್ಭಗಳಲ್ಲಿ 14ರಲ್ಲಿ ಮಾತ್ರ ಮೊದಲ ಎಂಟು ವಾರಗಳಲ್ಲಿ ಒಂದು ದಿನವಾದರೂ ರಕ್ತ ಕಂಡಿತ್ತು, ಆ ಸ್ರಾವವೂ ನಾಟುವ ದಿನಕ್ಕೆ ಹೊಂದುತ್ತಿರಲಿಲ್ಲ. ಕೆಲವರಿಗೆ ಒಂದೆರಡು ಹನಿ ಗುಲಾಬಿ ಅಥವಾ ಕಂದು ಬಣ್ಣದ ಕಲೆ ಕಾಣಬಹುದು, ಹಲವರಿಗೆ ಏನೂ ಕಾಣುವುದಿಲ್ಲ. ಕಂಡರೆ ಗರ್ಭವೆಂದಾಗಲಿ, ಕಾಣದಿದ್ದರೆ ಗರ್ಭವಿಲ್ಲವೆಂದಾಗಲಿ ತೀರ್ಮಾನಿಸಲು ಬಾರದು. ಎದೆ ಬಿಗಿತ, ಹೊಟ್ಟೆ ಉಬ್ಬರ, ಸುಸ್ತು, ಕಿಬ್ಬೊಟ್ಟೆಯ ಸಣ್ಣ ನೋವು ಇವೆಲ್ಲ ಈ ದಿನಗಳಲ್ಲಿ ಗರ್ಭವಿದ್ದರೂ ಬರುತ್ತವೆ, ಮುಟ್ಟು ಬರುವ ಮುಂಚೆಯೂ ಬರುತ್ತವೆ, ಏಕೆಂದರೆ ಎರಡೂ ಸಂದರ್ಭದಲ್ಲಿ ಅವಕ್ಕೆ ಮುಖ್ಯ ಕಾರಣ ಪ್ರೊಜೆಸ್ಟರಾನ್ ಎಂಬ ಒಂದೇ ಹಾರ್ಮೋನು.

ಒಂದು ಲೆಕ್ಕ, ತಾರೀಖುಗಳ ಸಹಿತ

ಒಬ್ಬಾಕೆಗೆ ಕಳೆದ ಮುಟ್ಟು 2025ರ ಜನವರಿ 5ರಂದು ಆರಂಭವಾಯಿತು, ಆಕೆಯ ಚಕ್ರ ಸಾಮಾನ್ಯವಾಗಿ 32 ದಿನ ಎಂದಿಟ್ಟುಕೊಳ್ಳೋಣ. ಮುಂದಿನ ಮುಟ್ಟು ಬರಬೇಕಾದದ್ದು ಫೆಬ್ರವರಿ 6ಕ್ಕೆ. ಅಲ್ಲಿಂದ 14 ದಿನ ಹಿಂದಕ್ಕೆ ಬಂದರೆ ಜನವರಿ 23 ಅಂಡೋತ್ಪತ್ತಿಯ ದಿನ. ಗರ್ಭ ನಿಲ್ಲಬಹುದಾದ ಕಿಂಡಿ ಜನವರಿ 18ರಿಂದ 23. ಭ್ರೂಣ ನಾಟಬಹುದಾದ ಒಟ್ಟು ಅವಧಿ ಜನವರಿ 29ರಿಂದ ಫೆಬ್ರವರಿ 4, ಅದರಲ್ಲಿ ಹೆಚ್ಚು ಸಂಭವವಿರುವುದು ಜನವರಿ 31ರಿಂದ ಫೆಬ್ರವರಿ 2. ಆಕೆ 28 ದಿನಗಳ ಚಕ್ರವೆಂದು ಭಾವಿಸಿ ಫೆಬ್ರವರಿ 2ಕ್ಕೇ ಮುಟ್ಟು ತಪ್ಪಿತೆಂದು ಪರೀಕ್ಷೆ ಮಾಡಿದ್ದರೆ, ಭ್ರೂಣ ಅದೇ ದಿನ ನಾಟುತ್ತಿದ್ದಿರಬಹುದು. ಒಂದೇ ಗೆರೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಅದೇ ತಿಂಗಳು ಆಕೆಗೆ ಜ್ವರ ಬಂದು ಅಂಡೋತ್ಪತ್ತಿ ನಾಲ್ಕು ದಿನ ಮುಂದೆ ಹೋಗಿ ಜನವರಿ 27ಕ್ಕೆ ಆಯಿತೆನ್ನೋಣ. ನಾಟುವ ಅವಧಿ ಫೆಬ್ರವರಿ 2ರಿಂದ 8ಕ್ಕೆ ಸರಿಯುತ್ತದೆ, ಮುಟ್ಟಿನ ನಿಜವಾದ ದಿನವೂ ಫೆಬ್ರವರಿ 10ಕ್ಕೆ ಹೋಗುತ್ತದೆ. ಆದರೆ ಈ ಬದಲಾವಣೆ ಒಳಗೆ ಆಗಿರುವಂಥದ್ದು, ಆಕೆಗೆ ತಿಳಿಯುವುದಿಲ್ಲ. ಫೆಬ್ರವರಿ 6ರಂದು ‘ದಿನ ತಪ್ಪಿದೆ’ ಎಂದುಕೊಂಡು ಮಾಡಿದ ಪರೀಕ್ಷೆ ವಾಸ್ತವದಲ್ಲಿ ನಾಲ್ಕು ದಿನ ಮುಂಚಿತವಾದದ್ದು. ಮುಟ್ಟೂ ಬಂದಿಲ್ಲ, ಕಿಟ್ಟಿನಲ್ಲೂ ಗರ್ಭವಿಲ್ಲ ಎಂಬ ಗೊಂದಲದ ಹಿಂದೆ ಹೆಚ್ಚಾಗಿ ಇರುವ ಕಥೆ ಇಷ್ಟೇ.

ಹೆಜ್ಜೆ 4: ಪರೀಕ್ಷೆಯ ದಿನವನ್ನು ಗೊತ್ತುಮಾಡಿ

ನಾಟಿದ ಮೊದಲ ಕೆಲವು ದಿನಗಳಲ್ಲಿ ಎಚ್‌ಸಿಜಿ ಅತಿ ವೇಗವಾಗಿ, ದಿನಕ್ಕೆ ದುಪ್ಪಟ್ಟಿಗೂ ಮಿಕ್ಕಿ ಏರುತ್ತದೆ. ನಂತರ ವೇಗ ತಗ್ಗಿ ಎರಡು ಮೂರು ದಿನಗಳಿಗೊಮ್ಮೆ ದುಪ್ಪಟ್ಟಾಗುವ ಮಟ್ಟಕ್ಕೆ ಬರುತ್ತದೆ. ಆರಂಭವಾಗುವುದು ಮಾತ್ರ ಅತ್ಯಲ್ಪ ಪ್ರಮಾಣದಿಂದ. ಮನೆಯಲ್ಲಿ ಬಳಸುವ ಅನೇಕ ಕಿಟ್‌ಗಳಿಗೆ ಪ್ರತಿ ಮಿಲಿಲೀಟರ್ ಮೂತ್ರದಲ್ಲಿ ಸುಮಾರು 25 ಮಿಲಿ-ಯೂನಿಟ್ ಇದ್ದರೆ ಗೆರೆ ಮೂಡುತ್ತದೆ. ಆ ಮಟ್ಟ ಮುಟ್ಟಲು ನಾಟಿದ ನಂತರ ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. 9ನೆಯ ದಿನ ನಾಟಿದರೆ 12 ಅಥವಾ 13ನೆಯ ದಿನಕ್ಕೆ ಗೆರೆ ಕಾಣಬಹುದು, 12ನೆಯ ದಿನ ನಾಟಿದರೆ ಮುಟ್ಟು ತಪ್ಪಿ ಒಂದೆರಡು ದಿನವಾದ ಮೇಲೆಯೇ.

ವಿಲ್ಕಾಕ್ಸ್ ತಂಡವೇ 2001ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನದ ಪ್ರಕಾರ, ಮುಟ್ಟು ಬರಬೇಕಾದ ಮೊದಲ ದಿನ ಸುಮಾರು ಶೇ. 10ರಷ್ಟು ಗರ್ಭಗಳಲ್ಲಿ ಭ್ರೂಣ ಇನ್ನೂ ನಾಟಿಯೇ ಇರುವುದಿಲ್ಲ. ಎಂಥ ಸೂಕ್ಷ್ಮ ಪರೀಕ್ಷೆಯೂ ಆ ದಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗರ್ಭಗಳನ್ನು ಹಿಡಿಯಲಾರದು. ಒಂದು ವಾರದ ನಂತರ ಈ ಪ್ರಮಾಣ ಶೇ. 97ಕ್ಕೆ ಏರುತ್ತದೆ. ಪೊಟ್ಟಣದ ಮೇಲೆ ಅಚ್ಚಾಗಿರುವ ‘ಶೇ. 99 ನಿಖರ’ ಎಂಬ ಸಾಲನ್ನು ಇದರ ಬೆಳಕಿನಲ್ಲಿ ಓದಬೇಕು. ಅದು ಹಾರ್ಮೋನ್ ಸಾಕಷ್ಟಿರುವ ಮಾದರಿಯ ಬಗ್ಗೆ ಹೇಳುವ ಮಾತು, ನಿಮ್ಮ ತಾರೀಖಿನ ಬಗ್ಗೆ ಅಲ್ಲ.

ಹಾಗಾದರೆ ಯಾವ ದಿನ ಪರೀಕ್ಷಿಸಬೇಕು? ಚಕ್ರ ನಿಯಮಿತವಾಗಿದ್ದು ಎರಡು ಮೂರು ದಿನ ಕಾಯುವ ಸಹನೆ ಇದ್ದರೆ, ಮುಟ್ಟು ಬರಬೇಕಾದ ದಿನ ಕಳೆದ ಮೂರನೆಯ ದಿನ ಬೆಳಿಗ್ಗೆ ಮಾಡುವುದು ನನ್ನ ಸಲಹೆ. ಮೇಲಿನ ಉದಾಹರಣೆಯಲ್ಲಿ ಅದು ಫೆಬ್ರವರಿ 9. ಅಂಡೋತ್ಪತ್ತಿಯ ದಿನ ಖಚಿತವಾಗಿ ಗೊತ್ತಿರುವವರು ಅಲ್ಲಿಂದ 14 ದಿನವಾದ ಮೇಲೆ ಮಾಡಬಹುದು. ಒಂದೇ ಗೆರೆ ಬಂದು ಮುಟ್ಟೂ ಬಾರದಿದ್ದರೆ ಮತ್ತೆ ಮೂರು ನಾಲ್ಕು ದಿನ ಬಿಟ್ಟು ನೋಡಬೇಕು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮಾಡುವುದರಿಂದ ಹಣ ಖರ್ಚಾಗುವುದಷ್ಟೇ. ಮುಟ್ಟು ಅನಿಯಮಿತವಾಗಿರುವವರು, ತುರ್ತು ಮಾತ್ರೆ ನುಂಗಿದವರು, ಹೆರಿಗೆಯ ನಂತರ ಇನ್ನೂ ಮುಟ್ಟು ಆರಂಭವಾಗದೆ ಹಾಲುಣಿಸುತ್ತಿರುವವರು ಕೊನೆಯ ಅಸುರಕ್ಷಿತ ಸಂಪರ್ಕದಿಂದ 21 ದಿನ ಎಣಿಸಿ ಪರೀಕ್ಷಿಸಬೇಕು. ಈ 21 ಎಲ್ಲಿಂದ ಬಂತೆಂದು ಈಗ ಸುಲಭವಾಗಿ ಬಿಡಿಸಬಹುದು: ವೀರ್ಯಾಣು ಕಾಯಬಲ್ಲ 5 ದಿನ, ಭ್ರೂಣ ನಾಟಲು ಹೆಚ್ಚೆಂದರೆ 12 ದಿನ, ಹಾರ್ಮೋನ್ ಕಿಟ್ಟಿನ ಮಟ್ಟಕ್ಕೆ ಏರಲು 4 ದಿನ. ಎಲ್ಲವೂ ನಿಧಾನವಾಗಿ ನಡೆದರೂ ಅಷ್ಟರಲ್ಲಿ ಫಲಿತಾಂಶ ತಿಳಿಯಲೇಬೇಕು.

ಹೆಜ್ಜೆ 5: ಪರೀಕ್ಷೆಯನ್ನು ಸರಿಯಾಗಿ ಮಾಡಿ

ಮೊದಲು ಪೊಟ್ಟಣದ ಮೇಲಿನ ಅವಧಿ ನೋಡಿ. ಮೂತ್ರ ಸಿದ್ಧವಾಗುವವರೆಗೆ ಪೊಟ್ಟಣವನ್ನು ಹರಿಯಬೇಡಿ. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಒಳಗಿನ ಪಟ್ಟಿ ಬೇಗ ಕೆಡುತ್ತದೆ, ಒಳಗಿಟ್ಟಿರುವ ಸಿಲಿಕಾದ ಪುಟ್ಟ ಚೀಲ ಅದಕ್ಕಾಗಿಯೇ. ಬೆಳಗಿನ ಮೊದಲ ಮೂತ್ರದಲ್ಲಿ ಹಾರ್ಮೋನ್ ಸಾಂದ್ರವಾಗಿರುತ್ತದೆ, ಆರಂಭದ ದಿನಗಳಲ್ಲಿ ಇದು ಮುಖ್ಯ. ಮೂತ್ರ ಬರಲೆಂದು ಲೋಟಗಟ್ಟಲೆ ನೀರು ಕುಡಿದು ಮಾಡಿದರೆ ಇರುವ ಹಾರ್ಮೋನೂ ತೆಳುವಾಗಿ ತಪ್ಪಿಹೋಗಬಹುದು. ಸೋಪಿನ ಅಂಶವಿಲ್ಲದ ಒಣ ಬಟ್ಟಲಿನಲ್ಲಿ ಹಿಡಿದು, ಜೊತೆಯಲ್ಲಿರುವ ಡ್ರಾಪರಿನಿಂದ ‘ಎಸ್’ ಅಕ್ಷರದ ಪಕ್ಕದ ಗುಳಿಗೆ ಸೂಚನೆಯಲ್ಲಿ ಹೇಳಿದಷ್ಟೇ, ಸಾಮಾನ್ಯವಾಗಿ ಮೂರು ಹನಿ, ಒಂದೊಂದಾಗಿ ಬಿಡಬೇಕು. ಹನಿಯೊಳಗೆ ಗಾಳಿಗುಳ್ಳೆ ಇರಬಾರದು. ಸಮತಟ್ಟಾದ ಜಾಗದಲ್ಲಿಟ್ಟು, ಫೋನಿನಲ್ಲಿ ಐದು ನಿಮಿಷದ ಅಲಾರಾಂ ಹಚ್ಚಿಕೊಳ್ಳಿ.

‘ಸಿ’ ಎಂಬಲ್ಲಿ ಗೆರೆ ಮೂಡದಿದ್ದರೆ ಆ ಕಿಟ್ ಕೆಟ್ಟಿದೆ, ‘ಟಿ’ಯಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ. ‘ಸಿ’ ಮತ್ತು ‘ಟಿ’ ಎರಡರಲ್ಲೂ ಬಣ್ಣದ ಗೆರೆ ಬಂದರೆ, ‘ಟಿ’ಯ ಗೆರೆ ಎಷ್ಟೇ ತಿಳಿಯಾಗಿದ್ದರೂ, ಅದು ಗರ್ಭದ ಸೂಚನೆ. ಇಲ್ಲಿ ನೋಡಬೇಕಾದದ್ದು ಗಾಢತೆಯನ್ನಲ್ಲ, ಬಣ್ಣವನ್ನು. ‘ಸಿ’ ಗೆರೆಯದೇ ಗುಲಾಬಿ ಅಥವಾ ನೇರಳೆ ಬಣ್ಣ, ಅದೇ ಅಗಲ ‘ಟಿ’ಯಲ್ಲಿಯೂ ಇರಬೇಕು. ಅರ್ಧ ಗಂಟೆಯ ನಂತರ ಕಸದ ಬುಟ್ಟಿಯಿಂದ ತೆಗೆದು ನೋಡಿದಾಗ ಕಾಣುವ ಬೂದು ಬಣ್ಣದ, ಕೂದಲೆಳೆಯಂಥ ಗೀರು ಮೂತ್ರ ಒಣಗಿದ ಗುರುತು. ಅನುಮಾನವಿದ್ದರೆ ಎರಡು ದಿನ ಬಿಟ್ಟು ಹೊಸ ಕಿಟ್‌ನಲ್ಲಿ ನೋಡಿ. ಗರ್ಭವಿದ್ದು ಹಾರ್ಮೋನ್ ಏರುತ್ತಿದ್ದರೆ ಗೆರೆ ಸ್ಪಷ್ಟವಾಗಿರುತ್ತದೆ. ಉಪ್ಪು, ಸಕ್ಕರೆ, ಟೂತ್‌ಪೇಸ್ಟ್‌ಗಳಿಂದ ಮಾಡುವ ‘ಮನೆಮದ್ದಿನ ಪರೀಕ್ಷೆ’ಗಳ ಬಗ್ಗೆ ಇಷ್ಟು ಹೇಳಿದರೆ ಸಾಕು: ಅವು ಎಚ್‌ಸಿಜಿಯನ್ನು ಗುರುತಿಸುವುದಿಲ್ಲ.

ಕಿಟ್ ಕೊಳ್ಳಲು ಸಂಕೋಚವೋ ಅನನುಕೂಲವೋ ಇದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ‘ನಿಶ್ಚಯ್’ ಎಂಬ ಕಿಟ್ ಅವರ ಬಳಿ ಉಚಿತವಾಗಿ ಸಿಗುತ್ತದೆ.

ಲೆಕ್ಕ ಬೇರೆಯಾಗುವ ಸಂದರ್ಭಗಳು

ಐವಿಎಫ್ (ಪ್ರಯೋಗಾಲಯದಲ್ಲಿ ಫಲೀಕರಣ) ಮಾಡಿಸಿಕೊಂಡವರಿಗೆ ಫಲೀಕರಣದ ದಿನ ಗೊತ್ತೇ ಇರುತ್ತದೆ. ಐದನೇ ದಿನದ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟಿದ್ದರೆ ಅದು ಮುಂದಿನ ಕೆಲವೇ ದಿನಗಳಲ್ಲಿ ನಾಟಬೇಕು, ರಕ್ತಪರೀಕ್ಷೆಯನ್ನು ಆಸ್ಪತ್ರೆಯವರು ಸಾಮಾನ್ಯವಾಗಿ 9ರಿಂದ 14 ದಿನಗಳ ನಡುವೆ ಗೊತ್ತುಮಾಡುತ್ತಾರೆ. ಅಂಡಾಣು ಬಿಡುಗಡೆಗಾಗಿ ಕೊಡುವ ಇಂಜೆಕ್ಷನ್ನು ಹಲವು ವೇಳೆ ಎಚ್‌ಸಿಜಿಯೇ ಆಗಿರುತ್ತದೆ, ಅದು ದೇಹದಿಂದ ಪೂರ್ತಿ ಹೋಗಲು 10ರಿಂದ 14 ದಿನ ಹಿಡಿಯಬಹುದು. ಅದಕ್ಕಿಂತ ಮುಂಚೆ ಕಿಟ್ ಹಾಕಿದರೆ ಕಾಣುವ ಎರಡನೆಯ ಗೆರೆ ಇಂಜೆಕ್ಷನ್ನಿನದ್ದೇ ಇರಬಹುದು. ಪ್ರೊಜೆಸ್ಟರಾನ್ ಮಾತ್ರೆ ಅಥವಾ ಜೆಲ್ ಬಳಸುತ್ತಿರುವವರಿಗೆ ಗರ್ಭವಿಲ್ಲದಿದ್ದರೂ ಮುಟ್ಟು ತಡವಾಗುತ್ತದೆ, ಹಾಗೆಂದು ಒಂದೇ ಗೆರೆ ಕಂಡ ಕೂಡಲೇ ವೈದ್ಯರನ್ನು ಕೇಳದೆ ಆ ಔಷಧಿಯನ್ನು ನಿಲ್ಲಿಸಬಾರದು.

ಗೆರೆ ಸ್ಪಷ್ಟವಾಗಿ ಮೂಡಿ, ನಾಲ್ಕೈದು ದಿನಗಳಲ್ಲಿ ಮುಟ್ಟು ಬಂದು ಗೆರೆ ಮಾಯವಾಗುವುದೂ ಉಂಟು. ಇದು ಭ್ರೂಣ ನಾಟಿ ಬೆಳೆಯದೆ ಹೋದ, ಬಹಳ ಬೇಗ ಕಳೆದ ಗರ್ಭ. ಹಿಂದಿನ ಕಾಲದಲ್ಲಿ ‘ಈ ಸಲ ಮುಟ್ಟು ತಡವಾಯಿತು, ಸ್ವಲ್ಪ ಜಾಸ್ತಿ ಹೋಯಿತು’ ಎಂದುಕೊಂಡು ಸುಮ್ಮನಾಗುತ್ತಿದ್ದ ಅನೇಕ ಪ್ರಸಂಗಗಳು ಇವೇ ಆಗಿದ್ದಿರಬೇಕು. ಭಾರ ಎತ್ತಿದ್ದು, ಬಸ್ಸಿನಲ್ಲಿ ಹೋದದ್ದು, ಪಪ್ಪಾಯಿ ತಿಂದದ್ದು ಇದಕ್ಕೆ ಕಾರಣವಲ್ಲ. ಬಹುಪಾಲು ಭ್ರೂಣದ ವರ್ಣತಂತುಗಳಲ್ಲಿಯೇ ದೋಷವಿರುತ್ತದೆ. ಅತ್ತೆಯಾಗಲಿ ತಾಯಿಯಾಗಲಿ ಆ ಹೆಣ್ಣುಮಗಳ ಮೇಲೆ ತಪ್ಪು ಹೊರಿಸಲು ಇಲ್ಲಿ ಯಾವ ಆಧಾರವೂ ಇಲ್ಲ.

ಹೆಜ್ಜೆ 6: ರಕ್ತಪರೀಕ್ಷೆ ಯಾವಾಗ, ಆಸ್ಪತ್ರೆಗೆ ಯಾವಾಗ

ಕಿಟ್ ಗೊಂದಲಮಯವಾಗಿದ್ದರೆ, ಹಿಂದೆ ಗರ್ಭಪಾತವಾಗಿದ್ದರೆ ಅಥವಾ ನೋವು, ರಕ್ತಸ್ರಾವ ಇದ್ದರೆ ವೈದ್ಯರು ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಬರೆಯುತ್ತಾರೆ. ವರದಿಯಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಗರ್ಭವಿಲ್ಲ, 25ಕ್ಕಿಂತ ಹೆಚ್ಚಿದ್ದರೆ ಇದೆ, ನಡುವೆ ಇದ್ದರೆ ಮತ್ತೊಮ್ಮೆ ನೋಡಬೇಕು. ಒಂದೇ ಸಂಖ್ಯೆಯನ್ನು ಹಿಡಿದು ಅಂತರ್ಜಾಲದ ಪಟ್ಟಿಗಳೊಂದಿಗೆ ಹೋಲಿಸುವುದರಿಂದ ಏನೂ ತಿಳಿಯದು. ಒಂದೇ ವಾರದ ಗರ್ಭಗಳಲ್ಲಿಯೂ ಸಂಖ್ಯೆ ಹತ್ತಾರು ಪಟ್ಟು ವ್ಯತ್ಯಾಸವಾಗುತ್ತದೆ. 48 ಗಂಟೆಗಳ ಅಂತರದಲ್ಲಿ ಅದೇ ಲ್ಯಾಬಿನಲ್ಲಿ ಮಾಡಿಸಿದ ಎರಡು ಪರೀಕ್ಷೆಗಳ ನಡುವಿನ ಏರಿಕೆಯೇ ಮುಖ್ಯ. ಮೊದಲ ಸಂಖ್ಯೆ 1500ಕ್ಕಿಂತ ಕಡಿಮೆಯಿದ್ದಾಗ, ಗರ್ಭಕೋಶದೊಳಗೆ ಸರಿಯಾಗಿ ಬೆಳೆಯುತ್ತಿರುವ ಗರ್ಭದಲ್ಲಿ ಅದು ಎರಡು ದಿನಕ್ಕೆ ಕನಿಷ್ಠ ಅರ್ಧದಷ್ಟಾದರೂ ಹೆಚ್ಚುವುದನ್ನು ನಿರೀಕ್ಷಿಸಲಾಗುತ್ತದೆ.

ಭ್ರೂಣ ಕೆಲವೊಮ್ಮೆ ಗರ್ಭಕೋಶದ ಬದಲು ಅಂಡನಾಳದಲ್ಲಿಯೇ ನಾಟಿಬಿಡುತ್ತದೆ. ಕಿಟ್ಟಿನಲ್ಲಿ ಆಗಲೂ ಎರಡು ಗೆರೆ ಬರುತ್ತದೆ. ಎರಡು ಗೆರೆ ಕಂಡ ಮೇಲೆ ಅಥವಾ ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಕಣ್ಣು ಕತ್ತಲಿಡುವುದು, ರಕ್ತಸ್ರಾವ ಇವುಗಳಲ್ಲಿ ಯಾವುದಿದ್ದರೂ ನಾಳೆ ನೋಡೋಣ ಎನ್ನದೆ 108ಕ್ಕೆ ಕರೆ ಮಾಡಬೇಕು ಅಥವಾ ಸ್ಕ್ಯಾನಿಂಗ್ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಆ ಕ್ಷಣವೇ ಹೋಗಬೇಕು. ನಾಳ ಒಡೆದರೆ ಜೀವಕ್ಕೇ ಅಪಾಯ. ಗರ್ಭ ಬೇಡವೆಂದಿರುವವರೂ ಮೆಡಿಕಲ್ ಸ್ಟೋರಿನಿಂದ ನೇರವಾಗಿ ಮಾತ್ರೆ ತಂದು ನುಂಗಬಾರದೆಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದು ದೊಡ್ಡ ಕಾರಣ: ಅಂಡನಾಳದಲ್ಲಿರುವ ಗರ್ಭಕ್ಕೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ಆಗುವ ರಕ್ತಸ್ರಾವ ಮಾತ್ರ ಎಲ್ಲ ಮುಗಿಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಗರ್ಭಪಾತ ನಮ್ಮ ದೇಶದಲ್ಲಿ ಕಾನೂನು ನಿಗದಿಪಡಿಸಿದ ವಾರಗಳೊಳಗೆ, ನೋಂದಾಯಿತ ವೈದ್ಯರ ಬಳಿ ಮಾಡಿಸಿಕೊಳ್ಳಬಹುದಾದ ಚಿಕಿತ್ಸೆ. ಆ ವಾರಗಳ ಎಣಿಕೆಗೂ ಮೊದಲು ಬೇಕಾದದ್ದು ಕಳೆದ ಮುಟ್ಟಿನ ಮೊದಲ ದಿನದ ಅದೇ ತಾರೀಖು.

ಎರಡು ಗೆರೆ ಬಂದ ಮೇಲೆ ವಾರಗಳ ಲೆಕ್ಕ

ವೈದ್ಯರು ಗರ್ಭದ ವಾರಗಳನ್ನು ಫಲೀಕರಣದಿಂದಲ್ಲ, ಕಳೆದ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆದ್ದರಿಂದಲೇ ಮುಟ್ಟು ತಪ್ಪಿದ ದಿನಕ್ಕೇ ‘ನಾಲ್ಕು ವಾರ’ ಎಂಬ ಮಾತು ಕೇಳಿ ಹಲವರು, ಕೆಲವೊಮ್ಮೆ ಗಂಡನ ಮನೆಯವರು, ತಬ್ಬಿಬ್ಬಾಗುತ್ತಾರೆ. ಆ ನಾಲ್ಕು ವಾರಗಳಲ್ಲಿ ಮೊದಲ ಎರಡರಲ್ಲಿ ಗರ್ಭವೇ ಇರಲಿಲ್ಲ. ಹೆರಿಗೆಯ ಅಂದಾಜು ದಿನಕ್ಕೆ ಮುಟ್ಟಿನ ಮೊದಲ ದಿನಕ್ಕೆ 280 ದಿನ, ಅಂದರೆ ಒಂಬತ್ತು ತಿಂಗಳು ಏಳು ದಿನ ಸೇರಿಸುತ್ತಾರೆ. ನಮ್ಮ ಉದಾಹರಣೆಯ ಜನವರಿ 5ಕ್ಕೆ ಅದು ಅಕ್ಟೋಬರ್ 12 ಆಗುತ್ತದೆ. ಆದರೆ ಆಕೆಯ ಚಕ್ರ 32 ದಿನಗಳದ್ದಾದ್ದರಿಂದ ಜನವರಿ 23ರ ಅಂಡೋತ್ಪತ್ತಿಗೆ 266 ದಿನ ಸೇರಿಸಿದರೆ ಬರುವ ಅಕ್ಟೋಬರ್ 16 ಹೆಚ್ಚು ಸರಿ.

ಎರಡು ಗೆರೆ ಬಂದ ದಿನದಿಂದಲೇ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಬೇಕು. ಗರ್ಭಕ್ಕೆ ಪ್ರಯತ್ನಿಸುವಾಗಲೇ ದಿನಕ್ಕೆ 400 ಮೈಕ್ರೋಗ್ರಾಂನಂತೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಒಳ್ಳೆಯದು. ಮಧುಮೇಹ, ಅಪಸ್ಮಾರ, ರಕ್ತದೊತ್ತಡ, ಥೈರಾಯ್ಡ್‌ಗಳಿಗೆ ಔಷಧಿ ನುಂಗುತ್ತಿರುವವರು ತಾವಾಗಿಯೇ ನಿಲ್ಲಿಸದೆ ಆ ವಾರವೇ ವೈದ್ಯರನ್ನು ಕಾಣಬೇಕು. ಹನ್ನೆರಡು ವಾರದೊಳಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳುವಾಗ ಮೊದಲು ಬರೆಯಿಸಿಕೊಳ್ಳುವ ವಿವರಗಳಲ್ಲಿ ಕಳೆದ ಮುಟ್ಟಿನ ತಾರೀಖೂ ಒಂದು. ಅದರ ಜೊತೆಗೆ ‘ನನ್ನ ಚಕ್ರ ಇಷ್ಟು ದಿನದ್ದು’ ಎಂಬುದನ್ನೂ ನೀವಾಗಿಯೇ ಹೇಳಿ.

ಮೊದಲ ಸ್ಕ್ಯಾನಿಗೆ ಓಡುವ ಅವಸರ ಬೇಡ, ನೋವೋ ರಕ್ತಸ್ರಾವವೋ ಇದ್ದರೆ ಮಾತು ಬೇರೆ. ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಗರ್ಭಚೀಲ ಸುಮಾರು ಐದನೇ ವಾರಕ್ಕೂ, ಭ್ರೂಣದ ಹೃದಯ ಬಡಿತ ಸುಮಾರು ಆರನೇ ವಾರಕ್ಕೂ ಕಾಣುತ್ತದೆ. ಅಂಡೋತ್ಪತ್ತಿ ತಡವಾಗಿದ್ದವರಿಗೆ ಮುಟ್ಟಿನ ಲೆಕ್ಕದಲ್ಲಿ ಆರು ವಾರ ತುಂಬಿದ ದಿನ ಒಳಗಿನ ಗರ್ಭಕ್ಕೆ ಐದು ವಾರ ಚಿಲ್ಲರೆಯಷ್ಟೇ ಆಗಿರಬಹುದು. ಅಂದು ಬರೀ ಚೀಲ ಕಂಡು ಬಡಿತ ಕಾಣದಿದ್ದರೆ ‘ಗರ್ಭ ಬೆಳೆದಿಲ್ಲ’ ಎಂದು ಒಪ್ಪಿಕೊಳ್ಳುವ ಮೊದಲು, ಅಂಡೋತ್ಪತ್ತಿಯ ಅಂದಾಜು ದಿನ, ಮೊದಲು ಒಂದೇ ಗೆರೆ ಬಂದ ದಿನ, ನಂತರ ಎರಡು ಗೆರೆ ಬಂದ ದಿನ ಈ ಮೂರನ್ನೂ ವೈದ್ಯರಿಗೆ ತಿಳಿಸಿ, ಒಂದೆರಡು ವಾರ ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಬಹುದೇ ಎಂದು ಕೇಳಬೇಕು. ಅವಸರವಿಲ್ಲದವರಿಗೆ ಏಳರಿಂದ ಎಂಟನೆಯ ವಾರ ಅನುಕೂಲಕರ. ಆಗ ಭ್ರೂಣದ ಉದ್ದವನ್ನು ಅಳೆದು ನಿಗದಿಪಡಿಸುವ ದಿನಗಳು ಮುಟ್ಟಿನ ಲೆಕ್ಕಕ್ಕಿಂತ ಐದು ದಿನಗಳಿಗೂ ಹೆಚ್ಚು ವ್ಯತ್ಯಾಸವಾದರೆ, ವೈದ್ಯರು ಸಾಮಾನ್ಯವಾಗಿ ಮುಟ್ಟಿನ ತಾರೀಖನ್ನು ಬಿಟ್ಟು ಸ್ಕ್ಯಾನಿನ ತಾರೀಖನ್ನೇ ಹೆರಿಗೆಯ ಲೆಕ್ಕಕ್ಕೆ ಹಿಡಿಯುತ್ತಾರೆ.